ಕೂಸಿಗೆ ಯಾವ ಪಾಪ?

ಹುಟ್ಟಿ ತಿಂಗಳೂ ತುಂಬದ ಕೂಸಿಗೆ ಯಾವ ಪಾಪ? ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಕಡೆಯ ಯಾವುದೇ ಇಗರ್ಜಿಯಲ್ಲಿ ಮಗುವಿಗೆ ದೀಕ್ಷಾಸ್ನಾನ ಕೊಡುವ ಹೊತ್ತಿಗೆ ಹೋಗಿ ನಿಂತರೆ, ಆ ಧರ್ಮಕ್ಕೆ ಸೇರದವರಿಗೆ ಈ ಪ್ರಶ್ನೆ ಏಳದೆ ಇರದು. ತಣ್ಣೀರು ನೆತ್ತಿಗೆ ಬಿದ್ದೊಡನೆ ಕೂಸು ಚೀರುತ್ತದೆ, ನೆರೆದವರು ನಗುತ್ತಾರೆ, ಪಾದ್ರಿಗಳು ಮಾತ್ರ ಗಂಭೀರವಾಗಿ ಈ ಮಗುವಿನ ಜನ್ಮಪಾಪ ಕಳೆಯಲಿ ಎಂಬ ಅರ್ಥದ ಪ್ರಾರ್ಥನೆ ಹೇಳುತ್ತಾರೆ. ಇನ್ನೂ ಕಣ್ಣು ನೆಟ್ಟಗೆ ನಿಲ್ಲದ ಮಗು ಯಾರಿಗೆ ಏನು ಕೆಡುಕು ಮಾಡಿತು?

ಕ್ರೈಸ್ತ ಧರ್ಮ ಇದಕ್ಕೆ ಕೊಡುವ ಉತ್ತರ ಹಳೆಯದು. ಮಗು ಏನೂ ಮಾಡಿಲ್ಲ, ಮಾಡಿದವನು ಆದಾಮ. ದೇವರು ಬೇಡವೆಂದ ಹಣ್ಣನ್ನು ಮೊದಲ ಗಂಡು, ಮೊದಲ ಹೆಣ್ಣು ತಿಂದರು, ತೋಟದಿಂದ ಹೊರಬಿದ್ದರು, ಆ ದಂಪತಿಯ ಸಂತಾನವಾದ ಮನುಷ್ಯಕುಲವೆಲ್ಲ ಆ ಕಳಂಕವನ್ನು ಹೊತ್ತೇ ಹುಟ್ಟುತ್ತದೆ. ಅದನ್ನು ನೀಗಲೆಂದೇ ಕ್ರಿಸ್ತ ಬಂದ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಉಳಿದವು ಸಡಿಲವಾಗುತ್ತವೆ ಎಂಬ ಭಯ ಧರ್ಮಶಾಸ್ತ್ರಜ್ಞರಿಗೆ ಇದ್ದೇ ಇದೆ. ಡಾರ್ವಿನ್ ಕೈಯಿಟ್ಟದ್ದು ಸರಿಯಾಗಿ ಮೊದಲ ಕೊಂಡಿಗೆ.

ವಿಕಾಸವಾದಕ್ಕೂ ಬೈಬಲ್ಲಿಗೂ ಇರುವ ಜಗಳವೆಂದರೆ ಆರು ದಿನಗಳ ಸೃಷ್ಟಿಯ ಮಾತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ಅಷ್ಟು ದೊಡ್ಡ ಜಗಳವಲ್ಲ. ಆರು ದಿನವೆಂದರೆ ಆರು ಯುಗ ಎಂದೋ, ಅದು ಕಾವ್ಯದ ಮಾತು ಎಂದೋ ಹೇಳಿ ಪಾರಾಗಬಹುದು. ಸಂತ ಅಗಸ್ಟೀನನೇ 5ನೇ ಶತಮಾನದಲ್ಲಿ ಆ ದಿನಗಳನ್ನು ಗಡಿಯಾರದ ದಿನಗಳೆಂದು ತಿಳಿಯಬೇಕಿಲ್ಲ ಎಂದಿದ್ದ. ನಿಜವಾದ ತೊಡಕು ಇರುವುದು ಜನ್ಮಪಾಪದಲ್ಲಿ. ಒಬ್ಬ ಆದಾಮನೇ ಇರಲಿಲ್ಲವೆಂದಾದರೆ ಅವನು ಮಾಡಿದ ಪಾಪ ಎಲ್ಲಿಂದ ಬಂತು? ಅದು ಎಲ್ಲರಿಗೂ ಹೇಗೆ ಹರಿಯಿತು?

ಈ ಪ್ರಶ್ನೆಯನ್ನು ರೋಮಿನಲ್ಲೋ ಆಕ್ಸ್‌ಫರ್ಡಿನಲ್ಲೋ ಕುಳಿತು ಚರ್ಚಿಸಿದವರು ಬಹಳ. ಉತ್ತರ ಕನ್ನಡದ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಅದಕ್ಕೆ ಬೇರೆಯದೇ ಒಂದು ತೂಕ ಬರುತ್ತದೆ. ಏಕೆಂದರೆ ಇಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಗೊಂಡೋ ಈ ಕಾಡಿಗೆ ಬಂದು ನೆಲೆಸಿದವರ ಮಕ್ಕಳು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೆಥೊಲಿಕ್ ಸಿದ್ದಿಗಳು ಹೆಚ್ಚಾಗಿ ಹಳಿಯಾಳದ ಕಡೆ. ಕೆಥೊಲಿಕ್ ಸಿದ್ದಿಯೊಬ್ಬನ ಮನೆಯಲ್ಲಿ ಮಗು ಹುಟ್ಟಿದರೆ ಧರ್ಮ ಅದನ್ನು ಆದಾಮನ ವಂಶದ್ದು ಎನ್ನುತ್ತದೆ. ವಿಜ್ಞಾನ ಅದನ್ನು ಆಫ್ರಿಕದ ವಂಶದ್ದು ಎನ್ನುತ್ತದೆ, ಹಾಗೆಯೇ ಓದುಗರಾದ ನಾವೆಲ್ಲರೂ ಆಫ್ರಿಕದ ವಂಶದವರೇ ಎಂದೂ ಸೇರಿಸುತ್ತದೆ. ವಂಶದ ಲೆಕ್ಕದಿಂದಲೇ ಒಂದು ಜನಾಂಗವನ್ನು ಮಾರಿದ, ಕೊಂಡ ಇತಿಹಾಸ ಇಲ್ಲಿದೆ. ಆದ್ದರಿಂದ ಯಾರು ಯಾರ ಮಕ್ಕಳು, ತಂದೆಯ ತಪ್ಪು ಮಕ್ಕಳಿಗೆ ತಟ್ಟುತ್ತದೆಯೆ ಎಂಬ ಮಾತು ಈ ಕಡೆ ಬರಿಯ ತತ್ವವಿಚಾರವಾಗಿ ಉಳಿಯುವುದಿಲ್ಲ.

ಮೊದಲು ಶಬ್ದದ ವಿಷಯ. ಕನ್ನಡದಲ್ಲಿ ಜನ್ಮಪಾಪ, ಮೂಲಪಾಪ, ಆದಿಪಾಪ ಎಂಬ ಮೂರೂ ಮಾತು ಬಳಕೆಯಲ್ಲಿವೆ. ಜನ್ಮಪಾಪ ಎಂದೊಡನೆ ನಮ್ಮ ಕಿವಿಗೆ ಕೇಳುವುದು ಹಿಂದಿನ ಜನ್ಮದ ಪಾಪ. ಯಾರಿಗಾದರೂ ಕಷ್ಟ ಬಂದರೆ ‘ಯಾವ ಜನ್ಮದ ಪಾಪವೋ’ ಎನ್ನುವ ನಾಡಲ್ಲವೆ ಇದು? ಕ್ರೈಸ್ತ ಸಿದ್ಧಾಂತ ಹೇಳುವುದು ಇದಕ್ಕೆ ತೀರ ವಿರುದ್ಧ. ಕರ್ಮಸಿದ್ಧಾಂತದಲ್ಲಿ ಕೂಸು ತನ್ನದೇ ಹಿಂದಿನ ಗಳಿಕೆಯನ್ನು ಹೊತ್ತು ಬರುತ್ತದೆ. ಬೇರೆಯವರ ಸಾಲ ಅದರ ತಲೆಗಿಲ್ಲ. ಜನ್ಮಪಾಪದಲ್ಲಿ ಕೂಸಿಗೆ ಸ್ವಂತದ್ದೆಂಬುದು ಏನೂ ಇಲ್ಲ. ಇರುವುದೆಲ್ಲ ಅಜ್ಜನ ಅಜ್ಜನ ಸಾಲ. ಮುಂಡಗೋಡದ ಟಿಬೆಟನ್ ಕಾಲೊನಿಯ ಭಿಕ್ಷುವಿಗೆ ಮೊದಲನೆಯದು ಸಹಜ, ಎರಡನೆಯದು ವಿಚಿತ್ರ. ಅಲ್ಲೇ ಹತ್ತಿರದ ಇಗರ್ಜಿಯ ಪಾದ್ರಿಗೆ ಎರಡನೆಯದು ಸಹಜ. ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುವ ಈ ಇಬ್ಬರ ನಡುವೆ ಇಷ್ಟು ಅಂತರವಿದೆ.

ಈ ಸಾಲದ ಲೆಕ್ಕವನ್ನು ಬರೆದಿಟ್ಟವನು ಬೈಬಲ್ಲಿನ ಕರ್ತೃವಲ್ಲ ಎಂಬುದು ಅನೇಕ ಕ್ರೈಸ್ತರಿಗೂ ಹೊಸ ಸಂಗತಿ. ಆದಿಕಾಂಡದ ಆ ಅಧ್ಯಾಯದಲ್ಲಿ ಪಾಪ ಎಂಬ ಶಬ್ದವೇ ಇಲ್ಲ. ಅದು ಮೊದಲು ಬರುವುದು ಮುಂದಿನ ಅಧ್ಯಾಯದಲ್ಲಿ, ಕಾಯಿನನು ತಮ್ಮನನ್ನು ಕೊಲ್ಲುವ ಕತೆಯಲ್ಲಿ. ಒಬ್ಬನಿಂದ ಪಾಪ, ಪಾಪದಿಂದ ಮರಣ ಎಂಬ ಎಳೆ ಹಿಡಿದವನು ಪೌಲ, ರೋಮಿನವರಿಗೆ ಬರೆದ ಪತ್ರದಲ್ಲಿ. ಅದಕ್ಕೆ ಪೂರ್ತಿ ಸಿದ್ಧಾಂತದ ರೂಪ ಕೊಟ್ಟವನು ಅಗಸ್ಟೀನ್ (354-430). ಇವನು ಉತ್ತರ ಆಫ್ರಿಕದವನು, ಈಗಿನ ಅಲ್ಜೀರಿಯದ ಹಿಪ್ಪೋ ಪಟ್ಟಣದ ಬಿಷಪ್. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬದುಕಬಲ್ಲ ಎಂದು ಬೋಧಿಸಿದ ಪೆಲಾಜಿಯಸ್ ಎಂಬುವನೊಡನೆ ವಾದಕ್ಕಿಳಿದು, ಇಲ್ಲ, ಮನುಷ್ಯನ ಬುಡವೇ ಹುಳಿತಿದೆ, ಅದು ಗಂಡುಹೆಣ್ಣಿನ ಕೂಟದ ಮೂಲಕ ತಲೆಮಾರಿಗೆ ಇಳಿಯುತ್ತದೆ ಎಂದು ಅಗಸ್ಟೀನ್ ಹೇಳಿದ.

ಇಲ್ಲೊಂದು ಸಣ್ಣ ವ್ಯಾಕರಣದ ಪ್ರಸಂಗವಿದೆ. ಪೌಲ ಬರೆದದ್ದು ಗ್ರೀಕಿನಲ್ಲಿ. ‘ಎಲ್ಲರೂ ಪಾಪ ಮಾಡಿದ್ದರಿಂದ’ ಮರಣ ಎಲ್ಲರಿಗೂ ಹಬ್ಬಿತು ಎಂಬುದು ಅವನ ಮಾತಿನ ಸಾರವೆಂದು ಇಂದಿನ ಬಹುತೇಕ ವಿದ್ವಾಂಸರ ಅಭಿಪ್ರಾಯ. ಅಗಸ್ಟೀನನ ಕೈಯಲ್ಲಿದ್ದ ಲ್ಯಾಟಿನ್ ಅನುವಾದದಲ್ಲಿ ಅದು ‘ಯಾವನಲ್ಲಿ ಎಲ್ಲರೂ ಪಾಪ ಮಾಡಿದರೋ’ ಎಂದಾಗಿತ್ತು. ಎಲ್ಲರೂ ಆದಾಮನ ಒಳಗೇ ಇದ್ದು ಪಾಪ ಮಾಡಿದರು ಎಂದು ಅವನು ಓದಿಕೊಂಡ. ಅವನ ಗ್ರೀಕ್ ಅಷ್ಟಕ್ಕಷ್ಟೆ. ಗ್ರೀಕನ್ನೇ ಓದುತ್ತಿದ್ದ ಪೂರ್ವದ ಚರ್ಚುಗಳು ಆದಾಮನಿಂದ ಮರಣವೂ ದೌರ್ಬಲ್ಯವೂ ನಮಗೆ ಬಂದವು ಎನ್ನುತ್ತವೆಯೇ ಹೊರತು ಅವನ ಅಪರಾಧವೂ ಬಂತು ಎನ್ನುವುದಿಲ್ಲ. ಒಂದು ಪ್ರತ್ಯಯದ ಮೇಲೆ ಇಷ್ಟು ಕಟ್ಟಡ ನಿಂತಿತೆಂದರೆ ಅತಿಯಾದೀತು. ಅಗಸ್ಟೀನನಿಗೆ ಬೇರೆ ಆಧಾರಗಳೂ ಇದ್ದವು, ಕೂಸುಗಳಿಗೂ ದೀಕ್ಷಾಸ್ನಾನ ಕೊಡುವ ರೂಢಿಯೇ ಅವುಗಳಲ್ಲಿ ಒಂದು. ಆದರೂ ಅನುವಾದದ ಕೆಲಸ ಮಾಡುವವರು ನೆನಪಿಡಬೇಕಾದ ಪ್ರಸಂಗ.

418ರಲ್ಲಿ ಕಾರ್ಥೇಜಿನ ಸಭೆ ಅಗಸ್ಟೀನನ ಪಕ್ಷ ಹಿಡಿಯಿತು. 1546ರ ಜೂನ್ ತಿಂಗಳಲ್ಲಿ ಟ್ರೆಂಟಿನ ಮಹಾಸಭೆ ಆದಾಮನ ಪಾಪ ಹರಿಯುವುದು ವಂಶದಿಂದ, ಅನುಕರಣೆಯಿಂದ ಅಲ್ಲ ಎಂದು ಕೆಥೊಲಿಕರಿಗೆ ಕಟ್ಟುನಿಟ್ಟು ಮಾಡಿತು. ಇದಕ್ಕೆ ನಾಲ್ಕು ವರ್ಷ ಮೊದಲು, 1542ರಲ್ಲಿ, ಫ್ರಾನ್ಸಿಸ್ ಕ್ಸೇವಿಯರ್ ಗೋವೆಯಲ್ಲಿ ಇಳಿದಿದ್ದರು.

ಘಟ್ಟ ಹತ್ತಿ ಬಂದ ಕತೆ

ಹಳಿಯಾಳ, ಜೋಯಿಡಾ ಸೀಮೆಗೆ ಆದಾಮನ ಕತೆ ಬಂದದ್ದು ಗೋವೆಯಿಂದ, ಘಟ್ಟ ಹತ್ತಿ, ಕೊಂಕಣಿಯೊಡನೆ. ಇಲ್ಲಿನ ಹಳೆಯ ಕೆಥೊಲಿಕ್ ಮನೆತನಗಳು ಬಂದದ್ದೂ ಅದೇ ದಾರಿಯಲ್ಲಿ. ಈ ಊರುಗಳ ಚರ್ಚಿನ ಆಡಳಿತ ಬಹುಕಾಲ ಗೋವೆಯ ಆರ್ಚ್‌ಬಿಷಪ್ಪರ ಕೈಯಲ್ಲಿತ್ತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ, 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಹುಟ್ಟಿಕೊಂಡವು.

ಗೋವೆಯ ಹೊಸ ಕ್ರೈಸ್ತರಿಗೆ ಆದಾಮನ ಕತೆಯನ್ನು ಅವರ ಮಾತಿನಲ್ಲೇ ಹೇಳಿದವರು ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ಯೂಟ್ ಪಾದ್ರಿ. 1579ರಲ್ಲಿ ಗೋವೆಗೆ ಬಂದು 1619ರಲ್ಲಿ ಅಲ್ಲಿಯೇ ತೀರಿಕೊಂಡ ಇವರು ಮರಾಠಿಯಲ್ಲಿ, ನಡುನಡುವೆ ಕೊಂಕಣಿ ಬೆರೆಸಿ, ಸುಮಾರು ಹನ್ನೊಂದು ಸಾವಿರ ಓವಿಗಳ ಕ್ರಿಸ್ತಪುರಾಣವನ್ನು ಬರೆದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಪುರಾಣಶ್ರವಣದ ರುಚಿ ಇದ್ದ ಜನ ಮತಾಂತರವಾದ ಮೇಲೆ ಆ ರುಚಿಯನ್ನು ಬಿಟ್ಟಿರಲಿಲ್ಲ; ಪಾದ್ರಿ ಅವರಿಗೊಂದು ಪುರಾಣ ಕೊಟ್ಟರು. ಅದರ ಮೊದಲ ಭಾಗ ಸೃಷ್ಟಿಯಿಂದ ಆರಂಭ. ನಮ್ಮ ಪುರಾಣಗಳಲ್ಲಿ ಋಷಿಯ ಶಾಪ ಏಳೇಳು ತಲೆಮಾರಿಗೆ ತಟ್ಟುವುದನ್ನು ಕೇಳಿದ್ದವರಿಗೆ ಆದಾಮನ ಶಾಪ ಹೊಸದೆನ್ನಿಸಿರಲಾರದು ಎಂದು ನನ್ನ ಊಹೆ.

ಕತೆ ಬಂದ ಹಡಗಿನಲ್ಲೇ ಗುಲಾಮರೂ ಬಂದರು. 1455ರಲ್ಲಿ ಪೋಪ್ 5ನೇ ನಿಕೋಲಸ್ ಹೊರಡಿಸಿದ ಆಜ್ಞಾಪತ್ರ ಪೋರ್ಚುಗಲ್ಲಿನ ದೊರೆಗೆ ಆಫ್ರಿಕದ ಕರಾವಳಿಯ ಅಕ್ರೈಸ್ತರನ್ನು ಗೆದ್ದು ಗುಲಾಮರನ್ನಾಗಿ ಇಟ್ಟುಕೊಳ್ಳಲು ಅನುಮತಿ ಕೊಟ್ಟಿತ್ತು. ಇಂಥ ಪತ್ರಗಳ ಆಧಾರದ ಮೇಲೆ ನಿಂತ ‘ಅನ್ವೇಷಣೆಯ ಹಕ್ಕಿ’ನ ಸಿದ್ಧಾಂತ ತನ್ನದಲ್ಲ ಎಂದು ವ್ಯಾಟಿಕನ್ ಹೇಳಿದ್ದು 2023ರ ಮಾರ್ಚ್‌ನಲ್ಲಿ. ಗುಲಾಮಗಿರಿಯನ್ನು ಸಮರ್ಥಿಸಲು ಬೈಬಲ್ಲಿನಿಂದ ಹುಡುಕಿ ತೆಗೆದದ್ದು ಇನ್ನೊಂದು ಶಾಪ: ನೋಹ ತನ್ನ ಮಗ ಹಾಮನ ತಪ್ಪಿಗಾಗಿ ಮೊಮ್ಮಗ ಕಾನಾನನನ್ನು ದಾಸನಾಗೆಂದು ಶಪಿಸಿದ ಪ್ರಸಂಗ. ಆ ಕತೆಯಲ್ಲಿ ಯಾರ ಮೈಬಣ್ಣದ ಸುದ್ದಿಯೂ ಇಲ್ಲ. ಆದರೆ ಆಫ್ರಿಕದವರು ಹಾಮನ ಮಕ್ಕಳು, ಆದ್ದರಿಂದ ದಾಸರಾಗುವುದು ಅವರ ಪಾಲಿಗೆ ಬರೆದದ್ದು ಎಂಬ ವ್ಯಾಖ್ಯಾನ ಶತಮಾನಗಳ ಕಾಲ ನಡೆಯಿತು. ಅಜ್ಜನ ತಪ್ಪಿಗೆ ಮೊಮ್ಮಗ ಹೊಣೆ ಎಂಬ ತರ್ಕ ಒಮ್ಮೆ ಊರೊಳಗೆ ಬಂದರೆ ಯಾರ ಮನೆಗೆ ಹೋಗುತ್ತದೆಂದು ಹೇಳಲಾಗದು.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಎಲ್ಲರೂ ಆದಾಮನ ಮಕ್ಕಳು ಎಂಬ ಅದೇ ನಂಬಿಕೆ ಗುಲಾಮಗಿರಿಯ ವಿರೋಧಿಗಳಿಗೂ ಆಯುಧವಾಯಿತು. ಒಬ್ಬನೇ ತಂದೆ ಎಂದ ಮೇಲೆ ಒಡೆಯನೂ ಆಳೂ ದಾಯಾದಿಗಳೇ. 1537ರಲ್ಲಿ ಪೋಪ್ 3ನೇ ಪೌಲ್ ಅಮೆರಿಕದ ಮೂಲನಿವಾಸಿಗಳೂ ನಿಜವಾದ ಮನುಷ್ಯರೇ, ಅವರ ಸ್ವಾತಂತ್ರ್ಯ ಕಸಿಯಬಾರದು ಎಂದು ಸಾರಿದ್ದರ ಹಿಂದೆ ಈ ನಂಬಿಕೆಯೂ ಇದೆ. 19ನೇ ಶತಮಾನದ ಅಮೆರಿಕದಲ್ಲಿ ಇದಕ್ಕೆ ಎದುರು ನಿಂತವರು ವಿಜ್ಞಾನಿಗಳೇ ಎಂಬುದು ಕುತೂಹಲದ ಸಂಗತಿ. ಸ್ಯಾಮ್ಯುಯೆಲ್ ಮಾರ್ಟನ್, ಲೂಯಿ ಅಗಾಸಿ ಮೊದಲಾದವರು ಬಿಳಿಯರು, ಕರಿಯರು ಬೇರೆ ಬೇರೆಯಾಗಿಯೇ ಹುಟ್ಟಿದ ಕುಲಗಳು ಎಂದು ವಾದಿಸಿದರು. ಇದಕ್ಕೆ ಬಹುಮೂಲವಾದ ಎಂದು ಹೆಸರು. ತೋಟದ ಒಡೆಯರಿಗೆ ಬೇಕಾಗಿದ್ದ ಮಾತು ಇದೇ.

ಆ ವಾದದ ಬೆನ್ನು ಮುರಿದವನು ಡಾರ್ವಿನ್. ಗುಲಾಮಗಿರಿಯನ್ನು ಮನಸಾರೆ ದ್ವೇಷಿಸುತ್ತಿದ್ದ ಮನೆತನದಿಂದ ಬಂದ ಅವನು 1871ರ ತನ್ನ ಪುಸ್ತಕದಲ್ಲಿ ಮನುಷ್ಯ ಕುಲಗಳೆಲ್ಲ ಒಂದೇ ಬುಡದಿಂದ ಬಂದವು, ಆ ಬುಡ ಬಹುಶಃ ಆಫ್ರಿಕದಲ್ಲಿದೆ ಎಂದ. ಆದಾಮನನ್ನು ಕಳೆದವನೇ ಮನುಷ್ಯಕುಲದ ಒಗ್ಗಟ್ಟನ್ನು ಇನ್ನೊಂದು ದಾರಿಯಿಂದ ತಂದುಕೊಟ್ಟ. ಅಗಾಸಿ ಕೊನೆಯವರೆಗೂ ಡಾರ್ವಿನ್ನನನ್ನು ಒಪ್ಪಲಿಲ್ಲ.

1950ರ ಆಗಸ್ಟ್

ಡಾರ್ವಿನ್ ಬರೆದು ಸುಮಾರು ತೊಂಬತ್ತು ವರ್ಷ ರೋಮ್ ವಿಕಾಸದ ಬಗ್ಗೆ ಖಡಾಖಂಡಿತವಾಗಿ ಏನನ್ನೂ ಹೇಳಲಿಲ್ಲ. ಹೇಳಲು ಹೊರಟ ಪಾದ್ರಿಗಳ ಬಾಯಿಯನ್ನು ಮಾತ್ರ ಆಗಾಗ ಮುಚ್ಚಿಸಿತು. ಇದರಲ್ಲಿ ಪ್ರಸಿದ್ಧವಾದದ್ದು ಫ್ರೆಂಚ್ ಜೆಸ್ಯೂಟ್ ಪಾದ್ರಿ ತೆಯಾರ್ ದ ಶಾರ್ದಾಂ (1881-1955) ಅವರ ಪ್ರಕರಣ. ಅವರು ಪಳೆಯುಳಿಕೆಗಳ ವಿಜ್ಞಾನಿ. 1922ರಲ್ಲಿ ಜನ್ಮಪಾಪವನ್ನು ವಿಕಾಸದೊಡನೆ ಹೇಗೆ ಹೊಂದಿಸಬಹುದೆಂದು ಗೆಳೆಯರಿಗಾಗಿ ಒಂದು ಟಿಪ್ಪಣಿ ಬರೆದರು. ಅಚ್ಚಿಗೆಂದು ಬರೆದದ್ದಲ್ಲ, ಹೇಗೋ ರೋಮಿಗೆ ತಲುಪಿತು. ಪ್ಯಾರಿಸ್ಸಿನ ಅಧ್ಯಾಪಕ ಹುದ್ದೆ ಹೋಯಿತು, 1926ರಲ್ಲಿ ಚೀನಕ್ಕೆ ಹೊರಟರು. ಅಲ್ಲಿ ಪೀಕಿಂಗ್ ಮಾನವನ ಬುರುಡೆ ಸಿಕ್ಕಿದ ಉತ್ಖನನದ ಕೆಲಸದಲ್ಲಿ ಪಾಲ್ಗೊಂಡರು. ಆದಾಮನ ಬಗ್ಗೆ ಪ್ರಶ್ನೆ ಕೇಳಿದ್ದಕ್ಕೆ ದೂರ ಕಳಿಸಿದರೆ ಅಲ್ಲಿ ಆದಾಮನಿಗಿಂತ ಹಳೆಯ ಮನುಷ್ಯನೇ ಸಿಕ್ಕಿದ. ಅವರ ಮುಖ್ಯ ಗ್ರಂಥಗಳು ಅಚ್ಚಾದದ್ದು ಅವರು ಸತ್ತ ಮೇಲೆ. 1962ರಲ್ಲಿ ವ್ಯಾಟಿಕನ್ ಅವುಗಳ ಬಗ್ಗೆ ಎಚ್ಚರಿಕೆಯನ್ನೂ ಹೊರಡಿಸಿತು. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅವರ ಹೆಸರನ್ನು ಗೌರವದಿಂದ ಎತ್ತಿದರು. ಮುಂಡಗೋಡದಲ್ಲಿ ಸಿದ್ದಿ, ಲಂಬಾಣಿ, ಗೌಳಿಗಳ ನಡುವೆ ಕೆಲಸ ಮಾಡುವ ಜೆಸ್ಯೂಟರು ಇದೇ ಸಂಘದವರು.

1950ರ ಆಗಸ್ಟ್ 12ರಂದು ಪೋಪ್ 12ನೇ ಪಯಸ್ ತಮ್ಮ ವಿಶ್ವಪತ್ರದಲ್ಲಿ ಮೌನ ಮುರಿದರು. ಮನುಷ್ಯನ ದೇಹ ಹಿಂದಿನ ಜೀವಿಗಳಿಂದ ಬಂದಿರಬಹುದೇ ಎಂಬುದನ್ನು ವಿದ್ವಾಂಸರು ಚರ್ಚಿಸಲಡ್ಡಿಯಿಲ್ಲ. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದರು. ಇಷ್ಟಕ್ಕೇ ನಿಂತಿದ್ದರೆ ಜಗಳ ಮುಗಿಯುತ್ತಿತ್ತು. ಮುಂದಿನ ಪ್ಯಾರಾದಲ್ಲಿ ಬಹುಮೂಲವಾದದ ಮಾತು ಬಂತು. ಆದಾಮನ ನಂತರ ಅವನಿಂದ ಹುಟ್ಟದ ಮನುಷ್ಯರೂ ಇದ್ದರು ಎಂದಾಗಲಿ, ಆದಾಮ ಎಂದರೆ ಒಬ್ಬನಲ್ಲ, ಹಲವರು ಎಂದಾಗಲಿ ಒಪ್ಪಲು ಕೆಥೊಲಿಕರಿಗೆ ಸ್ವಾತಂತ್ರ್ಯವಿಲ್ಲ. ಅದು ಜನ್ಮಪಾಪದ ಬೋಧನೆಯೊಡನೆ ಹೇಗೆ ಹೊಂದೀತೆಂಬುದು ಕಾಣುತ್ತಿಲ್ಲ ಎಂಬುದು ಅದರ ತಾತ್ಪರ್ಯ. ‘ಹೊಂದುವುದೇ ಇಲ್ಲ’ ಎನ್ನದೆ ‘ಹೇಗೆ ಹೊಂದೀತೆಂದು ಕಾಣುತ್ತಿಲ್ಲ’ ಎಂದರಲ್ಲ, ಮುಂದೆ ಯಾರಿಗಾದರೂ ಕಂಡರೆ ಬಾಗಿಲು ತೆರೆಯಲಿ ಎಂದೇ ಹಾಗೆ ಬರೆದದ್ದು ಎಂದು ಆಮೇಲಿನ ಕೆಲವು ಪಂಡಿತರು ವಾದಿಸಿದ್ದುಂಟು. ನಮ್ಮ ನ್ಯಾಯಾಲಯದ ವಕೀಲರಿಗೆ ಈ ಬಗೆಯ ಓದು ಚೆನ್ನಾಗಿ ಅರ್ಥವಾದೀತು.

ಆ ವಿಶ್ವಪತ್ರಕ್ಕೆ ತಿಂಗಳೂ ಆಗದ ಹಿಂದೆ, ಜುಲೈ 18ರಂದು, ಯುನೆಸ್ಕೊ ಮನುಷ್ಯರೆಲ್ಲ ಒಂದೇ ಪ್ರಭೇದ ಎಂಬ ಹೇಳಿಕೆ ಹೊರಡಿಸಿತ್ತು. ಯೂರೋಪ್ ಹಿಟ್ಲರನ ಕುಲವಾದದಿಂದ ಆಗಷ್ಟೇ ಎದ್ದಿತ್ತು. ‘ಬಹುಮೂಲ’ ಎಂಬ ಶಬ್ದಕ್ಕೆ ಆಗ ಅಂಟಿದ್ದ ಕೆಟ್ಟ ವಾಸನೆಯನ್ನು ಮರೆತು ಆ ಪತ್ರವನ್ನು ಓದಬಾರದು. ಆದರೆ ಇಂದಿನ ವಿಜ್ಞಾನ ಹೇಳುವುದು ಅಗಾಸಿಯ ಬಹುಮೂಲವನ್ನಲ್ಲ. ಮೂಲ ಒಂದೇ, ಆದರೆ ಆ ಒಂದು ಮೂಲ ಒಂದು ಜೋಡಿಯಲ್ಲ, ಒಂದು ಜನಸಮೂಹ. ನಮ್ಮ ವಂಶವಾಹಿಗಳಲ್ಲಿ ಕಾಣುವ ವೈವಿಧ್ಯಕ್ಕೆ ಇಬ್ಬರು ಸಾಲದು. ಸಾವಿರಗಳ ಲೆಕ್ಕದಲ್ಲಿ ಪೂರ್ವಜರು ಬೇಕು. 1987ರಲ್ಲಿ ಅಮೆರಿಕದ ಬರ್ಕ್‌ಲಿಯ ಸಂಶೋಧಕರು ತಾಯಿಯಿಂದ ಮಾತ್ರ ಬರುವ ಡಿ.ಎನ್.ಎ. ಹಿಡಿದು ಹೋಗಿ, ಸುಮಾರು ಎರಡು ಲಕ್ಷ ವರ್ಷ ಹಿಂದಿನ ಆಫ್ರಿಕದ ಒಬ್ಬ ಹೆಂಗಸಿಗೆ ಮುಟ್ಟಿದಾಗ ಪತ್ರಿಕೆಗಳು ಅವಳನ್ನು ಹವ್ವ ಎಂದು ಕರೆದವು. ಪತ್ರಿಕೆಯವರಾದ ನಮ್ಮದೇ ತಪ್ಪು. ಅವಳ ಕಾಲದಲ್ಲಿ ಬೇರೆ ಹೆಂಗಸರೂ ಬೇಕಾದಷ್ಟು ಇದ್ದರು. ತಾಯಿಯ ಎಳೆ ಇಂದಿಗೂ ಮುರಿಯದೆ ಉಳಿದದ್ದು ಅವಳದು, ಅಷ್ಟೆ.

ಸಿದ್ದಿಗಳ ರಕ್ತ ಹೇಳುವುದು

2011ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಮತ್ತು ಅವರ ಸಹೋದ್ಯೋಗಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಅವರ ವಂಶದ ಬಹುಪಾಲು ಆಫ್ರಿಕದ ಬಾಂಟು ಭಾಷಿಕರದ್ದು. ಉಳಿದದ್ದು ಭಾರತೀಯ, ಪ್ರಾಯಶಃ ಒಂದಿಷ್ಟು ಪೋರ್ಚುಗೀಸ್. ಈ ಬೆರಕೆ ನಡೆದದ್ದು ಸುಮಾರು 200 ವರ್ಷಗಳ ಹಿಂದೆ, ಎಂದರೆ ಎಂಟು ತಲೆಮಾರಿನ ಆಚೆ ಎಂದು ಲೆಕ್ಕ ಹಾಕಿದರು. ಬರೆದಿಟ್ಟ ಚರಿತ್ರೆ ತೀರ ಕಡಿಮೆ ಇರುವ ಜನರಿಗೆ ರಕ್ತವೇ ದಫ್ತರ.

ಎಂಟು ತಲೆಮಾರು ಎಂದರೆ ಎಷ್ಟು ಹಿರಿಯರು? ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ದುಪ್ಪಟ್ಟು ಮಾಡುತ್ತ ಹೋದರೆ ಎಂಟನೆಯ ಮೆಟ್ಟಿಲಲ್ಲಿ 256, ಹತ್ತರಲ್ಲಿ 1,024, ಇಪ್ಪತ್ತರಲ್ಲಿ ಹತ್ತು ಲಕ್ಷ ದಾಟುತ್ತದೆ. ಮೂವತ್ತನೆಯದಕ್ಕೆ 107 ಕೋಟಿ! ಅಷ್ಟು ಜನ ಆಗ ಇಡೀ ಪ್ರಪಂಚದಲ್ಲೇ ಇರಲಿಲ್ಲ. ಅಂದರೆ ಅದೇ ಹಿರಿಯರು ಹಲವು ಕವಲುಗಳಿಂದ ಮತ್ತೆ ಮತ್ತೆ ನಮ್ಮ ವಂಶವೃಕ್ಷಕ್ಕೆ ಬರುತ್ತಾರೆ, ಹಾಗೆಯೇ ನನ್ನ ಹಿರಿಯರೂ ನಿಮ್ಮ ಹಿರಿಯರೂ ಎಲ್ಲೋ ಒಬ್ಬರೇ ಆಗಿಬಿಡುತ್ತಾರೆ. ಇನ್ನೊಂದು ವಿಚಿತ್ರವೆಂದರೆ, ಹಿರಿಯರಾದವರೆಲ್ಲ ನಮ್ಮ ಮೈಯಲ್ಲಿ ಗುರುತು ಬಿಟ್ಟಿರುವುದಿಲ್ಲ. ಪ್ರತಿ ತಲೆಮಾರಿನಲ್ಲೂ ವಂಶವಾಹಿಗಳ ಅರ್ಧಭಾಗ ಬಿಟ್ಟುಹೋಗುವುದರಿಂದ ಹತ್ತು ತಲೆಮಾರಿನ ಆಚೆ ಅನೇಕ ಹಿರಿಯರ ಒಂದು ತುಣುಕೂ ನಮ್ಮಲ್ಲಿ ಉಳಿಯುವುದಿಲ್ಲ. ವಂಶಾವಳಿ ಬೇರೆ, ವಂಶವಾಹಿ ಬೇರೆ.

ಅಮೆರಿಕದ ಜೀವವಿಜ್ಞಾನಿ ಜೋಶುವಾ ಸ್ವಾಮಿದಾಸ್ 2019ರ ತಮ್ಮ ಪುಸ್ತಕದಲ್ಲಿ ಆದಾಮನಿಗೆ ಜಾಗ ಮಾಡಿಕೊಟ್ಟದ್ದು ಈ ಸಂದಿಯಲ್ಲೇ. ಜನಸಮೂಹ ಮೊದಲೇ ಇತ್ತು ಎಂದಿಟ್ಟುಕೊಳ್ಳಿ. ಅದರ ನಡುವೆ, ಕೆಲವೇ ಸಾವಿರ ವರ್ಷಗಳ ಹಿಂದೆ, ಒಂದು ಜೋಡಿ ಇತ್ತು. ಅವರ ಮಕ್ಕಳು ಉಳಿದವರೊಡನೆ ಮದುವೆಯಾದರು. ಕಾಲಾಂತರದಲ್ಲಿ ಭೂಮಿಯ ಮೇಲಿನ ಪ್ರತಿಯೊಬ್ಬರ ವಂಶವೃಕ್ಷದಲ್ಲೂ ಆ ಜೋಡಿ ಸೇರಿಕೊಂಡಿತು. ವಂಶವಾಹಿ ಪರೀಕ್ಷೆ ಇದನ್ನು ಸಾಧಿಸಲೂ ಆರದು, ಅಲ್ಲಗಳೆಯಲೂ ಆರದು. ಗಣಿತಕ್ಕೆ ದೋಷವಿಲ್ಲ. ಆದರೂ ಈ ಪರಿಹಾರ ನನಗೆ ಸಮಾಧಾನ ಕೊಡುವುದಿಲ್ಲ. ಆ ಜೋಡಿಯ ಸಂತಾನ ಇನ್ನೂ ತಲುಪಿರದ ಊರುಗಳಲ್ಲಿ ಹುಟ್ಟಿ, ಅತ್ತು, ಸತ್ತ ಜನ ಏನು? ಅವರು ಮನುಷ್ಯರಲ್ಲವೆ? ಅವರಿಗೆ ಪಾಪವೂ ಇಲ್ಲ, ಉದ್ಧಾರವೂ ಇಲ್ಲವೆ? ಕೆಲವರು ಮನುಷ್ಯರು, ಕೆಲವರು ಮನುಷ್ಯರಂತೆ ಕಾಣುವವರು ಎಂಬ ವಿಂಗಡಣೆ ಮಾಡಿದ ದಿನಗಳಿಂದ ಏನಾಯಿತೆಂಬುದನ್ನು ಸಿದ್ದಿಗಳ ಊರಲ್ಲಿ ಬಿಡಿಸಿ ಹೇಳಬೇಕಿಲ್ಲ. ತಮ್ಮ ವಾದ ಅಂಥ ತಾರತಮ್ಯಕ್ಕೆ ದಾರಿಯಾಗಬಾರದೆಂದು ಸ್ವಾಮಿದಾಸರೂ ಎಚ್ಚರ ವಹಿಸಿದ್ದಾರೆ. ಎಚ್ಚರ ಬೇಕಾದದ್ದೇ ದೋಷದ ಗುರುತು.

ಮರಣದ ತೊಡಕು ಇದಕ್ಕಿಂತ ಹಳೆಯದು. ಕಾರ್ಥೇಜಿನ ಸಭೆ ಆದಾಮ ಪಾಪ ಮಾಡದಿದ್ದರೂ ಸಾಯುತ್ತಿದ್ದ ಎನ್ನುವವರನ್ನು ಖಂಡಿಸಿತ್ತು. ವಿಕಾಸವಾದದಲ್ಲಾದರೋ ಸಾವು ಇಲ್ಲದೆ ಯಾವುದೂ ನಡೆಯದು. ಮನುಷ್ಯ ಬರುವ ಕೋಟ್ಯಂತರ ವರ್ಷ ಮೊದಲೇ ಜೀವಿಗಳು ಸಾಯುತ್ತಿದ್ದವು, ಒಂದನ್ನೊಂದು ತಿನ್ನುತ್ತಿದ್ದವು. ದಾಂಡೇಲಿಯ ಕಾಡಿನ ಹುಲಿ ಕಡವೆಯನ್ನು ಹಿಡಿಯುವುದು ಆದಾಮನ ತಪ್ಪಿನಿಂದಲ್ಲ. ಇಲ್ಲಿ ಕ್ರೈಸ್ತ ಪಂಡಿತರು ಪೌಲ ಹೇಳಿದ ಮರಣ ಆತ್ಮದ ಮರಣ, ದೇವರಿಂದ ದೂರವಾಗುವುದು ಎಂದು ಅರ್ಥ ಮಾಡುತ್ತಾರೆ. ನಾಯಿ, ನರಿ ಸಾಯುತ್ತವೆ. ಸಾಯುತ್ತೇನೆಂದು ತಿಳಿದು ಹೆದರುವುದು ಮನುಷ್ಯ ಮಾತ್ರ. ಇದು ಒಪ್ಪಬಹುದಾದ ಮಾತು.

ಇಷ್ಟೆಲ್ಲ ಪಂಡಿತರ ವಾದ ಒಂದು ತಾಯಿಗೆ ಏಕೆ ಬೇಕು? ಬೇಕಾಗಿತ್ತು. ದೀಕ್ಷಾಸ್ನಾನಕ್ಕೆ ಮೊದಲೇ ಮಗು ತೀರಿಕೊಂಡರೆ ಅದರ ಗತಿ ಏನೆಂಬ ಪ್ರಶ್ನೆಗೆ ಅಗಸ್ಟೀನನ ಉತ್ತರ ಕಠೋರವಾಗಿತ್ತು: ಸೌಮ್ಯವಾದ್ದಾದರೂ ಶಿಕ್ಷೆ ಶಿಕ್ಷೆಯೇ. ಮಧ್ಯಯುಗದವರು ಅದನ್ನು ಮೆದು ಮಾಡಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ ‘ಲಿಂಬೊ’ ಎಂಬ ಸ್ಥಳ ಕಲ್ಪಿಸಿದರು. 1917ರ ಚರ್ಚ್ ಕಾನೂನಿನ ಪ್ರಕಾರ ಅಂಥ ಕೂಸಿಗೆ ಇಗರ್ಜಿಯ ಅಂತ್ಯಸಂಸ್ಕಾರವೂ ಇರಲಿಲ್ಲ. ಪಾದ್ರಿ ತಲುಪಲು ಒಂದು ದಿನದ ಕಾಡುದಾರಿ ಇದ್ದ ಕಾಲದಲ್ಲಿ, ಕೂಸುಗಳು ಜ್ವರಕ್ಕೆ ಸಾಯುವುದು ಸಾಮಾನ್ಯವಾಗಿದ್ದ ಸೀಮೆಯಲ್ಲಿ, ಈ ಕಟ್ಟಳೆ ಎಷ್ಟು ಮನೆಗಳನ್ನು ಹೇಗೆ ತಟ್ಟಿರಬಹುದೆಂದು ಊಹಿಸಬಹುದು. ಅವಸರದಲ್ಲಿ ಯಾರೂ, ಸೂಲಗಿತ್ತಿಯೂ, ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದೆಂಬ ಅವಕಾಶವಿದ್ದದ್ದು ಇದಕ್ಕಾಗಿಯೇ. 1983ರ ಹೊಸ ಕಾನೂನು, ತಂದೆತಾಯಿಗೆ ದೀಕ್ಷಾಸ್ನಾನದ ಉದ್ದೇಶವಿದ್ದರೆ ಬಿಷಪ್ಪರ ಅನುಮತಿಯಿಂದ ಅಂತ್ಯಸಂಸ್ಕಾರ ಮಾಡಬಹುದೆಂದಿತು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ಧರ್ಮಶಾಸ್ತ್ರ ಆಯೋಗ, ಇಂಥ ಕೂಸುಗಳಿಗೂ ಮುಕ್ತಿ ಸಿಗುವುದೆಂದು ಆಶಿಸಲು ಬಲವಾದ ಕಾರಣಗಳಿವೆ ಎಂದು ಬರೆಯಿತು.

ಅದೇ ಆಯೋಗ 2004ರ ಇನ್ನೊಂದು ದಾಖಲೆಯಲ್ಲಿ ಮಾನವ ಪ್ರಭೇದ ಸುಮಾರು ಒಂದೂವರೆ ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿ, ಒಂದೇ ವಂಶದ ಒಂದು ಜನಸಮೂಹದಲ್ಲಿ ಉಗಮಿಸಿತೆಂಬ ವಿಜ್ಞಾನದ ನಿರೂಪಣೆಯನ್ನು ಆಕ್ಷೇಪವಿಲ್ಲದೆ ಉಲ್ಲೇಖಿಸಿತು. (ವರ್ಷಗಳ ಲೆಕ್ಕ ಆಮೇಲೆ ಹಿಂದಕ್ಕೆ ಸರಿದಿದೆ, 2017ರಲ್ಲಿ ಮೊರೊಕ್ಕೊದ ಪಳೆಯುಳಿಕೆಗಳಿಗೆ ಮೂರು ಲಕ್ಷ ವರ್ಷವೆಂದು ಗೊತ್ತಾಯಿತು.) ‘ಜೋಡಿ’ ಎನ್ನದೆ ‘ಜನಸಮೂಹ’ ಎಂದದ್ದನ್ನು ಗಮನಿಸಿದವರು ಗಮನಿಸಿದರು. ಆಯೋಗದ ಅಧ್ಯಕ್ಷತೆ ವಹಿಸಿದ್ದವರು ಮರುವರ್ಷ ಪೋಪ್ ಆದ ಕಾರ್ಡಿನಲ್ ರಾಟ್ಸಿಂಗರ್. ಅದಕ್ಕೂ ಮೊದಲು, 1996ರ ಅಕ್ಟೋಬರಿನಲ್ಲಿ, ಪೋಪ್ 2ನೇ ಜಾನ್ ಪಾಲ್ ವಿಕಾಸವಾದ ಬರಿಯ ಊಹೆಗಿಂತ ಹೆಚ್ಚಿನದು ಎಂದಿದ್ದರು. ಆದಾಮನ ಮಾತನ್ನು ಆ ಪತ್ರದಲ್ಲಿ ಅವರು ಎತ್ತಲಿಲ್ಲ.

ಹಾಗಾದರೆ ಎರಡೂ ಹೊಂದುತ್ತವೆಯೆ? ಯಾವ ಜನ್ಮಪಾಪ ಎಂಬುದರ ಮೇಲೆ ಹೋಗುತ್ತದೆ. ಒಂದು ಜೋಡಿ, ಒಂದು ತೋಟ, ವೀರ್ಯದ ಮೂಲಕ ಇಳಿಯುವ ಅಪರಾಧ ಎಂಬ ಅಗಸ್ಟೀನನ ಚಿತ್ರ ನಾವು ತಿಳಿದಿರುವ ಜೀವವಿಜ್ಞಾನದ ಎದುರು ನಿಲ್ಲದು. ನಿಲ್ಲಿಸಲು ಹೊರಟವರು ಹಾಕುವ ಊರುಗೋಲುಗಳೇ ಅದನ್ನು ಹೇಳುತ್ತವೆ. ಕೆಥೊಲಿಕ್ ಚರ್ಚಿನ 1992ರ ಧರ್ಮೋಪದೇಶ ಗ್ರಂಥ ಈಗಾಗಲೇ ಬಹುದೂರ ನಡೆದಿದೆ. ಆದಿಕಾಂಡದ ಭಾಷೆ ಸಾಂಕೇತಿಕ ಎನ್ನುತ್ತದೆ. ಜನ್ಮಪಾಪ ಕೂಸಿನ ಸ್ವಂತ ಅಪರಾಧವಲ್ಲ, ಅದನ್ನು ಪಾಪ ಎನ್ನುವುದು ಹೋಲಿಕೆಯ ಅರ್ಥದಲ್ಲಿ ಮಾತ್ರ, ಅದು ಮಾಡಿದ ಕೃತ್ಯವಲ್ಲ, ಹುಟ್ಟಿಬಿದ್ದ ಸ್ಥಿತಿ ಎಂದು ವಿವರಿಸುತ್ತದೆ. ಈ ಸ್ಥಿತಿಯನ್ನು ನಾಸ್ತಿಕನೂ ನಿರಾಕರಿಸಲಾರ. ಜಾತಿ ಇರುವ ಊರಲ್ಲಿ ಹುಟ್ಟಿದ ಕೂಸು ಜಾತಿಯನ್ನು ಉಸಿರಿನೊಡನೆ ಕಲಿಯುತ್ತದೆ. ಗುಲಾಮರ ಪೇಟೆ ಇದ್ದ ಊರಿನ ಕೂಸು ಮನುಷ್ಯನಿಗೆ ಬೆಲೆ ಕಟ್ಟುವುದನ್ನು ಕಲಿತಿತ್ತು. ಆದರೆ ಅದೇ ಗ್ರಂಥ, ಮನುಷ್ಯಚರಿತ್ರೆಯ ಆರಂಭದಲ್ಲಿ ನಿಜವಾಗಿ ನಡೆದ ಒಂದು ಘಟನೆಯಿದೆ ಎಂಬುದನ್ನೂ ಬಿಟ್ಟಿಲ್ಲ. ಪಾಪ ಹರಿಯುವುದು ವಂಶದಿಂದ ಎಂಬ ಟ್ರೆಂಟಿನ ಮಾತನ್ನೂ ಬಿಟ್ಟಿಲ್ಲ. 1950ರ ವಾಕ್ಯವನ್ನು ಯಾರೂ ಹಿಂದಕ್ಕೆ ಪಡೆದಿಲ್ಲ, ಯಾರೂ ಒತ್ತಿ ಹೇಳುತ್ತಲೂ ಇಲ್ಲ. ಹಳೆಯ ಕಂದಾಯದ ಬಾಕಿಯಂತೆ ಅದು ಪುಸ್ತಕದಲ್ಲಿದೆ.

ಮುಂಡಗೋಡದ ಭಿಕ್ಷುಗಳಿಗೆ ಈ ಬಾಕಿ ಇಲ್ಲ. 1966ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ಕೊಟ್ಟ ಜಾಗದಲ್ಲಿ ಬೆಳೆದ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಪ್ರಪಂಚದ ವಿಜ್ಞಾನಿಗಳನ್ನು ಕೂರಿಸಿಕೊಂಡು ಆರು ದಿನ ಚರ್ಚೆ ನಡೆಸಿದರು. ವಿಜ್ಞಾನ ತಪ್ಪೆಂದು ಸಾಧಿಸಿದ ಮಾತನ್ನು ಬೌದ್ಧರು ಬಿಡಬೇಕು ಎಂದು ಅವರು ಬರೆದದ್ದೂ ಉಂಟು. ಮೊದಲ ಮನುಷ್ಯನೊಬ್ಬ ಅವರಿಗೆ ಬೇಕಾಗಿಲ್ಲ. ಆದರೆ ದೇಹ ಅಳಿದ ಮೇಲೆ ಮುಂದುವರಿಯುವ ಚಿತ್ತ ಬೇಕು, ವಿಕಾಸವಾದದಲ್ಲಿ ಅದಕ್ಕೂ ಜಾಗವಿಲ್ಲ. ಅವರ ತೊಡಕು ಬೇರೆ ಕಡೆಯಿದೆ, ಅಷ್ಟೇ.

ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯರಾದರು. ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದ ಆ ಪಟ್ಟಿಗಿಲ್ಲ. ಮೂರೂ ಧರ್ಮದ ಸಿದ್ದಿ ಮನೆಗಳಲ್ಲಿ ‘ಹಿರಿಯರ’ ಪೂಜೆಯೂ ಒಂದೇ ಬಗೆಯಲ್ಲಿ ಉಳಿದುಬಂದಿದೆ. ಸತ್ತವರಿಗೆ ಎಡೆ ಇಟ್ಟು ಮನೆಮಂದಿಯನ್ನು ಕಾಯಿರೆಂದು ಬೇಡಿಕೊಳ್ಳುತ್ತಾರೆ. ಹಿರಿಯರಿಂದ ಇಲ್ಲಿ ಬರುವುದು ಕಳಂಕವಲ್ಲ, ಕಾವಲು. ಕೆಥೊಲಿಕ್ ಸಿದ್ದಿಯ ಕೂಸು ಇದಕ್ಕೂ ಸೇರುತ್ತದೆ, ಇಗರ್ಜಿಗೂ ಹೋಗುತ್ತದೆ. ಅಲ್ಲಿ 1969ರಲ್ಲಿ ಪರಿಷ್ಕರಿಸಿದ ವಿಧಿಯ ಪ್ರಕಾರ ಪಾದ್ರಿಗಳು ಜನ್ಮಪಾಪದಿಂದ ಈ ಮಗುವನ್ನು ಬಿಡಿಸು ಎಂದು ಪ್ರಾರ್ಥಿಸಿ, ಎದೆಗೆ ಎಣ್ಣೆ ಹಚ್ಚುತ್ತಾರೆ. ಆಮೇಲೆ ನೀರು.